ಇಪ್ಪತ್ತೆರಡು ಗಜದ ನೆಲ

ಬಹುಮಟ್ಟಿನ ಆಟಗಳಲ್ಲಿ ನೆಲವೆಂಬುದು ಕೇವಲ ರಂಗಸ್ಥಳ. ಕಾಲ್ಚೆಂಡಿನ ಬಯಲು ತುಸು ಒದ್ದೆಯಾಗಿದ್ದರೆ ಆಟಗಾರರು ಜಾರಬಹುದು. ಅಷ್ಟೇ ಹೊರತು ಆಟದ ಸ್ವರೂಪವೇನೂ ಬದಲಾಗುವುದಿಲ್ಲ. ಕ್ರಿಕೆಟ್ಟಿನ ಮಾತು ಬೇರೆ. ಇಲ್ಲಿ ಚೆಂಡು ದಾಂಡಿಗನನ್ನು ಮುಟ್ಟುವ ಮೊದಲು ಸಾಮಾನ್ಯವಾಗಿ ಒಮ್ಮೆ ನೆಲವನ್ನು ಮುಟ್ಟಿ ಬರುತ್ತದೆ. ಆ ಸ್ಪರ್ಶದ ಅವಧಿ ಕಣ್ಣೆವೆಯಿಕ್ಕುವ ಕಾಲಕ್ಕಿಂತ ಎಷ್ಟೋ ಕಡಮೆ. ಆದರೆ ಆ ಕ್ಷಣದಲ್ಲಿ ನೆಲವು ಚೆಂಡಿಗೆ ಏನನ್ನು ಮಾಡಿತು ಎಂಬುದರ ಮೇಲೆ ಐದು ದಿನಗಳ ಪಂದ್ಯದ ಹಣೆಬರಹ ನಿಂತಿರುತ್ತದೆ.

ಇದಕ್ಕೆ ನಮ್ಮ ಊರಿನಲ್ಲಿಯೇ ನಡೆದ ಒಂದು ಉದಾಹರಣೆಯುಂಟು. 1987ನೆಯ ಇಸವಿಯಲ್ಲಿ ಪಾಕಿಸ್ತಾನದ ತಂಡವು ಐದು ಟೆಸ್ಟ್ ಪಂದ್ಯಗಳಿಗಾಗಿ ಭಾರತಕ್ಕೆ ಬಂದಿತ್ತು. ಫೆಬ್ರವರಿಯ ಮೊದಲ ವಾರದಲ್ಲಿ ಮದರಾಸಿನಲ್ಲಿ ನಡೆದ ಮೊದಲನೆಯ ಪಂದ್ಯದಲ್ಲಿ ಪಾಕಿಸ್ತಾನವು 9 ವಿಕೆಟ್ಟಿಗೆ 487 ರನ್ನು ಗಳಿಸಿ ಆಟವನ್ನು ಮುಕ್ತಾಯಗೊಳಿಸಿದರೆ, ಭಾರತವು 9 ವಿಕೆಟ್ಟಿಗೆ 527 ಗಳಿಸಿತು. ನಾಲ್ಕು ಪಂದ್ಯಗಳು ಹೀಗೆಯೇ ಯಾರ ಗೆಲುವೂ ಇಲ್ಲದೆ ಮುಗಿದುವು. ಐದನೆಯದು ಮಾರ್ಚ್ 13ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರಂಭವಾಯಿತು. ಬಹುಮಟ್ಟಿಗೆ ಅದೇ ಆಟಗಾರರು, ಅದೇ ದಾಂಡುಗಳು, ಅದೇ ತೂಕದ ಚೆಂಡು. ಆದರೆ ಪಾಕಿಸ್ತಾನ ಮೊದಲನೆಯ ಸರದಿಯಲ್ಲಿ 116 ರನ್ನಿಗೆ ಉರುಳಿತು, ಭಾರತ 145ಕ್ಕೆ. ಎರಡನೆಯ ಸರದಿಯಲ್ಲಿ ಪಾಕಿಸ್ತಾನ 249. ಗೆಲ್ಲಲು 221 ಬೇಕಿದ್ದ ಭಾರತ 204. ಹದಿನಾರು ರನ್ನುಗಳಿಂದ ಪಂದ್ಯವೂ ಅದರೊಡನೆ ಸರಣಿಯೂ ಪಾಕಿಸ್ತಾನದ ಪಾಲಾದುವು. ಭಾರತದ ನೆಲದಲ್ಲಿ ಆ ದೇಶ ಗೆದ್ದ ಮೊದಲ ಸರಣಿ ಅದು.

ಒಂದೂವರೆ ತಿಂಗಳಿನೊಳಗೆ ಮನುಷ್ಯರ ಕೌಶಲ ಇಷ್ಟು ಕುಗ್ಗಿಹೋಗುವುದು ಸಾಧ್ಯವಿಲ್ಲ. ಬದಲಾದದ್ದು ನೆಲ. 20.12 ಮೀಟರು ಉದ್ದ, 3.05 ಮೀಟರು ಅಗಲದ ಒಂದು ಮಣ್ಣಿನ ಪಟ್ಟಿ.

ಪಿಚ್ಚು ಎಂದರೇನೆಂಬುದನ್ನು ಅರಿಯಲು ನಮ್ಮ ಹಳ್ಳಿಯವರಿಗೆ ಕಷ್ಟವಾಗಲಾರದು. ಸುಗ್ಗಿಗೆ ಮುಂಚೆ ರೈತನು ಕಣ ಮಾಡುವುದನ್ನು ನೆನಸಿಕೊಳ್ಳಿ. ನೆಲವನ್ನು ಕೆತ್ತಿ ಸಮಮಾಡಿ, ನೀರು ಹೊಯ್ದು, ಹದ ನೋಡಿ ಎತ್ತುಗಳಿಂದ ತುಳಿಸಿ, ಕಲ್ಲಿನ ಗುಂಡನ್ನು ಉರುಳಿಸಿ, ಮೇಲೆ ಸಗಣಿ ಸಾರಿಸಿ ಒಣಗಿಸುತ್ತಾನೆ. ನೀರು ಹೆಚ್ಚಾದರೆ ಮಣ್ಣು ಗುಂಡಿಗೆ ಅಂಟಿಕೊಂಡು ಏಳುತ್ತದೆ. ಕಡಮೆಯಾದರೆ ಎಷ್ಟು ಉರುಳಿಸಿದರೂ ಬಿಗಿಯಾಗುವುದಿಲ್ಲ. ಪಿಚ್ಚನ್ನು ಸಿದ್ಧಪಡಿಸುವವನ ವಿದ್ಯೆಯೂ ತತ್ತ್ವತಃ ಇದೇ. ಸಗಣಿಯ ಬದಲು ಅಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ. ಎತ್ತಿನ ಬದಲು ಕಬ್ಬಿಣದ ರೋಲರು. ಕಣ ಮಾಡುವವನಿಗೆ ಕಾಳು ಮಣ್ಣಿನಲ್ಲಿ ಹುದುಗದಿದ್ದರೆ ಸಾಕು. ಇವನಿಗಾದರೋ ಚೆಂಡು ಎಷ್ಟು ಪುಟಿಯಬೇಕು, ಎಷ್ಟನೆಯ ದಿನ ತಿರುಗಬೇಕು ಎಂಬ ಚಿಂತೆ.

ಪಿಚ್ಚಿನ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚಾಗಿರಬೇಕು. ಜೇಡಿಯ ಕಣವೆಂದರೆ ಒಂದು ಮಿಲಿಮೀಟರಿನ ಐನೂರರಲ್ಲೊಂದು ಪಾಲಿಗಿಂತಲೂ ಸಣ್ಣದು. ಇಷ್ಟು ಸಣ್ಣ ಕಣಗಳ ನಡುವೆ ನಿಂತ ನೀರಿನ ತೆಳುಪೊರೆ ಅವುಗಳನ್ನು ಒಂದರ ಕಡೆಗೊಂದು ಸೆಳೆಯುತ್ತದೆ. ಬಣ್ಣದ ಕುಂಚವನ್ನು ನೀರಿನಲ್ಲದ್ದಿ ಹೊರತೆಗೆದರೆ ಕೂದಲುಗಳೆಲ್ಲ ಒಟ್ಟುಗೂಡಿ ಮೊನೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಬಲವೇ ಇಲ್ಲಿಯೂ ಕೆಲಸ ಮಾಡುವುದು. ನೀರು ಆವಿಯಾಗುತ್ತ ಹೋದಂತೆ ಪೊರೆ ತೆಳ್ಳಗಾಗಿ ಸೆಳೆತ ಹೆಚ್ಚುತ್ತದೆ. ಕಣಗಳು ಹತ್ತಿರ ಬಂದು ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೆ ಹತ್ತಿರ ಬರುವುದೆಂದರೆ ಒಟ್ಟು ಗಾತ್ರ ಕುಗ್ಗುವುದೆಂದಾಯಿತಲ್ಲ. ಮೇಲ್ಪದರ ಕುಗ್ಗಬೇಕೆನ್ನುತ್ತದೆ, ಇನ್ನೂ ತೇವವಾಗಿರುವ ಕೆಳಪದರ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಎಲ್ಲಿ ಬಂಧ ದುರ್ಬಲವೋ ಅಲ್ಲಿ ಮಣ್ಣು ಬಿರಿಯುತ್ತದೆ. ಬತ್ತಿದ ಕೆರೆಯಂಗಳದಲ್ಲಿ ಬಿರುಕುಗಳು ನೆಲವನ್ನು ಹೆಂಚುಹೆಂಚಾಗಿ ಒಡೆದಿರುವುದು ಇದರಿಂದಲೇ. ಬಿಜಾಪುರ, ಗದಗದ ಕಡೆಯ ಎರೆಹೊಲಗಳಲ್ಲಿ ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದುಂಟು. ಎರೆಮಣ್ಣಿನ ಖನಿಜಗಳು ತಮ್ಮ ಪದರಗಳ ನಡುವೆಯೇ ನೀರನ್ನು ಸೇರಿಸಿಕೊಂಡು ಉಬ್ಬುವಂಥವು, ಉಬ್ಬಿದ್ದು ಕುಗ್ಗಲೇಬೇಕಷ್ಟೆ. ಕೆಮ್ಮಣ್ಣಿನ ಜೇಡಿ ಇಷ್ಟು ಉಬ್ಬುವುದಿಲ್ಲ. ಅದರ ಪಿಚ್ಚು ಹಳತಾದಾಗ ಸೀಳುವುದಕ್ಕಿಂತ ಪುಡಿಯಾಗುವುದು ಹೆಚ್ಚು.

ಹದವಾಗಿ ಉರುಳಿಸಿ, ಬೇರುಗಳು ಬಿಗಿಹಿಡಿದ ಪಿಚ್ಚು ಮೂರು ನಾಲ್ಕು ದಿನ ಬಾಳುತ್ತದೆ. ಹುಲ್ಲನ್ನು ಪೂರ್ತಿ ಬೋಳಿಸಿ, ನೀರನ್ನು ಬೇಗ ನಿಲ್ಲಿಸಿ, ಬಿಸಿಲಿಗೆ ಬಿಟ್ಟರೆ ಮೊದಲ ದಿನವೇ ಮೇಲ್ಮೈ ಕಿತ್ತು ಧೂಳೇಳುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳೆಂದರೆ ಮಳೆಯಿಲ್ಲದ, ಒಣಗಾಳಿಯ ತಿಂಗಳು. ನೆಲದ ನೀರನ್ನು ಹೀರಲು ಇದಕ್ಕಿಂತ ಉತ್ತಮ ಹವೆ ಬೇರೊಂದಿಲ್ಲ.

ಈಗ ಚೆಂಡಿನ ಕಡೆಗೆ ತಿರುಗೋಣ. ಅದು ನೆಲಕ್ಕೆ ಬಡಿದಾಗ ಎರಡು ಕಾರ್ಯಗಳು ಒಟ್ಟಿಗೆ ನಡೆಯುತ್ತವೆ. ನೆಲವು ಅದನ್ನು ಮೇಲಕ್ಕೆ ತಳ್ಳುತ್ತದೆ. ಜೊತೆಗೆ ಘರ್ಷಣೆಯಿಂದ ಅದನ್ನು ಹಿಡಿದು ಜಗ್ಗುತ್ತದೆ. ಮೊದಲನೆಯದನ್ನು ಅಳೆಯಲು ಒಂದು ಸರಳವಾದ ಪರೀಕ್ಷೆಯುಂಟು. ಚೆಂಡನ್ನು 16 ಅಡಿ, ಎಂದರೆ ಸುಮಾರು 4.9 ಮೀಟರು ಎತ್ತರದಿಂದ ಪಿಚ್ಚಿನ ಮೇಲೆ ಬಿಟ್ಟು ಅದು ಎಷ್ಟು ಪುಟಿಯಿತೆಂದು ನೋಡುವುದು. 30 ಅಂಗುಲ, ಎಂದರೆ 76 ಸೆಂ.ಮೀ. ಮೀರಿದರೆ ಅದು ಬಲು ವೇಗದ ಪಿಚ್ಚು. 15 ಅಂಗುಲವನ್ನೂ ಮುಟ್ಟದಿದ್ದರೆ ನಿಧಾನದ್ದು. ಅತ್ಯಂತ ಗಟ್ಟಿಯಾದ ಪಿಚ್ಚಿನ ಮೇಲೂ ಚೆಂಡು ಬಿದ್ದ ಎತ್ತರದ ಆರನೆಯ ಒಂದು ಪಾಲಿನಷ್ಟು ಮಾತ್ರ ಏಳುತ್ತದೆಂಬುದನ್ನು ಗಮನಿಸಬೇಕು. ವೇಗದ ಲೆಕ್ಕದಲ್ಲಿ ಹೇಳುವುದಾದರೆ, ಕೆಳಮುಖವಾಗಿದ್ದ ವೇಗದ ಹತ್ತರಲ್ಲಿ ನಾಲ್ಕು ಪಾಲು ಮೇಲ್ಮುಖವಾಗಿ ಮರಳಿ ಬರುತ್ತದೆ. ಉಳಿದ ಶಕ್ತಿಯೆಲ್ಲ ಮಣ್ಣನ್ನು ಅದುಮುವುದರಲ್ಲಿಯೂ ಚೆಂಡಿನ ಒಳಗಿನ ಬೆಂಡನ್ನು ಹಿಸುಕುವುದರಲ್ಲಿಯೂ ವ್ಯಯವಾಗಿ ಹೋಗುತ್ತದೆ.

ಎರಡನೆಯದಾದ ಘರ್ಷಣೆಯೇ ಸ್ಪಿನ್ನರಿನ ಬಂಡವಾಳ. ವಾಚಕರು ಕಾಗದ ಸೀಸಕಡ್ಡಿಗಳನ್ನು ಹಿಡಿದು ನನ್ನೊಡನೆ ಬರುವುದಾದರೆ ಒಂದು ಲೆಕ್ಕ ಮಾಡೋಣ. ಸ್ಪಿನ್ನರು ಎಸೆದ ಚೆಂಡು ನೆಲ ಮುಟ್ಟುವಾಗ ಸೆಕೆಂಡಿಗೆ 20 ಮೀಟರು ಮುಂದಕ್ಕೂ 7 ಮೀಟರು ಕೆಳಕ್ಕೂ ಚಲಿಸುತ್ತಿದೆಯೆನ್ನಿ. ಅದು ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆ. ತಿರುಗುವ ಅಕ್ಷವು ಚೆಂಡು ಸಾಗುವ ದಿಕ್ಕಿನಲ್ಲಿದೆ. ಚೆಂಡಿನ ತ್ರಿಜ್ಯ 3.6 ಸೆಂ.ಮೀ. ಆದುದರಿಂದ ಅದರ ಅಂಚು ಪಕ್ಕಕ್ಕೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರು ವೇಗದಿಂದ ನೆಲವನ್ನು ಉಜ್ಜುತ್ತದೆ. ಘರ್ಷಣೆ ಯಾವಾಗಲೂ ಉಜ್ಜುವ ದಿಕ್ಕಿಗೆ ಎದುರಾಗಿ ಕೆಲಸ ಮಾಡುವುದರಿಂದ ಅದರ ಬಹುಭಾಗ ಚೆಂಡಿನ ಮುನ್ನಡೆಯನ್ನು ತಡೆಯುತ್ತದೆ. ಸ್ವಲ್ಪ ಭಾಗ ಚೆಂಡನ್ನು ಪಕ್ಕಕ್ಕೆ ನೂಕುತ್ತದೆ. ಈ ಸ್ವಲ್ಪ ಭಾಗವೇ ನಾವು ‘ತಿರುವು’ ಎಂದು ಕರೆಯುವುದು.

ನಯವಾದ, ಗಟ್ಟಿಯಾದ ಪಿಚ್ಚಿನ ಘರ್ಷಣಗುಣಾಂಕ ಕಾಲು ಎಂದು ಹಿಡಿದರೆ, ಚೆಂಡು ಪುಟಿದ ಮೇಲೆ ಮುಂದಕ್ಕೆ ಸೆಕೆಂಡಿಗೆ 17.6 ಮೀಟರು ವೇಗದಿಂದ ಸಾಗುತ್ತ ತನ್ನ ಹಾದಿಯಿಂದ ಸುಮಾರು 2 ಡಿಗ್ರಿಯಷ್ಟು ವಾಲುತ್ತದೆ. ಮೇಲ್ಮೈ ಕಿತ್ತು ತರಿತರಿಯಾಗಿ ಗುಣಾಂಕ ಅರ್ಧಕ್ಕೇರಿದರೆ ಮುನ್ನಡೆಯ ವೇಗ 15.3 ಮೀಟರಿಗೆ ಇಳಿದು, ವಾಲುವ ಕೋನ 5 ಡಿಗ್ರಿಗೆ ಏರುತ್ತದೆ. ಬೌಲರಿನ ಬೆರಳು ಎರಡು ಸಲವೂ ಮಾಡಿದ ಕೆಲಸ ಒಂದೇ. ತಿರುವು ಮಾತ್ರ ಇಮ್ಮಡಿಗಿಂತ ಹೆಚ್ಚಾಯಿತು. ಏಕೆಂದರೆ ಒರಟು ನೆಲವು ಪಕ್ಕದ ನೂಕನ್ನು ಹೆಚ್ಚಿಸುವುದಲ್ಲದೆ ಮುಂದಿನ ಓಟವನ್ನೂ ಕುಂದಿಸುತ್ತದೆ.

ಇಲ್ಲಿಯವರೆಗಿನ ಲೆಕ್ಕದಿಂದ, ನೆಲ ಕೆಟ್ಟಷ್ಟೂ ಸ್ಪಿನ್ನರಿಗೆ ಲಾಭವೆಂದು ತೋರುತ್ತದೆ. ಆದರೆ ಬೆಂಗಳೂರಿನ ಪಂದ್ಯದ ಅಂಕಿಗಳನ್ನು ನೋಡಿದವರಿಗೆ ಒಂದು ಸಂಶಯ ಹುಟ್ಟಲೇಬೇಕು. ಭಾರತದ ಎಡಗೈ ಸ್ಪಿನ್ನರ್ ಮಣಿಂದರ್ ಸಿಂಗರು ಮೊದಲನೆಯ ಸರದಿಯಲ್ಲಿ 27 ರನ್ನಿಗೆ 7 ವಿಕೆಟ್ಟು ಪಡೆದರು. ಎರಡನೆಯ ಸರದಿಯ ಹೊತ್ತಿಗೆ ಪಿಚ್ಚು ಇನ್ನೂ ಸವೆದಿತ್ತು. ಅದೇ ಬೌಲರು, ಅದೇ ದಾಂಡಿಗರು. ಆದರೆ ಈ ಸಲ ಅವರು 3 ವಿಕೆಟ್ಟಿಗೆ 99 ರನ್ನು ತೆರಬೇಕಾಯಿತು. ಪಾಕಿಸ್ತಾನದ ಮೊತ್ತ ಮೊದಲಿನದರ ಎರಡರಷ್ಟನ್ನು ಮೀರಿತು. ಇದು ಹೇಗೆ?

ಉತ್ತರದ ಒಂದು ಭಾಗ ದಾಂಡಿನ ಅಗಲದಲ್ಲಿ ಅಡಗಿದೆ. ನಿಯಮದ ಪ್ರಕಾರ ದಾಂಡು 10.8 ಸೆಂ.ಮೀ.ಗಿಂತ ಅಗಲವಾಗಿರಕೂಡದು. ದಾಂಡಿಗನು ಚೆಂಡಿನ ಹಾದಿಯನ್ನು ಸರಿಯಾಗಿ ಊಹಿಸಿ ದಾಂಡಿನ ನಟ್ಟನಡುವನ್ನು ಅದಕ್ಕೆ ಒಡ್ಡಿದ್ದಾನೆಂದು ಭಾವಿಸಿ. ನಡುವಿನಿಂದ ಅಂಚಿಗೆ 5.4 ಸೆಂ.ಮೀ. ಚೆಂಡಿನ ಕೇಂದ್ರ ಇದಕ್ಕಿಂತ ಕಡಮೆ ಸರಿದರೆ ಅದು ದಾಂಡಿನ ಮುಖಕ್ಕೇ ತಾಗುತ್ತದೆ. ಚೆಂಡಿನ ತ್ರಿಜ್ಯವನ್ನೂ ಕೂಡಿಸಿದರೆ 9 ಸೆಂ.ಮೀ. ಅದಕ್ಕಿಂತ ಹೆಚ್ಚು ಸರಿದ ಚೆಂಡು ದಾಂಡನ್ನು ಮುಟ್ಟದೆಯೇ ಹೊರಟುಹೋಗುತ್ತದೆ. ಅಂಚು ತಗಲಿ ಸ್ಲಿಪ್ಪಿಗೋ ವಿಕೆಟ್ ಕೀಪರಿಗೋ ಕ್ಯಾಚು ಹೋಗುವುದು ಈ ಐದೂವರೆ ಮತ್ತು ಒಂಬತ್ತು ಸೆಂಟಿಮೀಟರುಗಳ ನಡುವಣ ಕಿರಿದಾದ ಓಣಿಯಲ್ಲಿ ಮಾತ್ರ. ಚೆಂಡು ಬಿದ್ದ ಜಾಗಕ್ಕೂ ದಾಂಡಿಗೂ 2 ಮೀಟರು ಅಂತರವಿದ್ದರೆ, 2 ಡಿಗ್ರಿಗಿಂತ ತುಸು ಹೆಚ್ಚಿನ ತಿರುವು ಅದನ್ನು ಸುಮಾರು ಏಳೂವರೆ ಸೆಂ.ಮೀ. ಸರಿಸುತ್ತದೆ: ಸರಿಯಾಗಿ ಅಂಚಿಗೆ. 5 ಡಿಗ್ರಿಯ ತಿರುವು 17 ಸೆಂ.ಮೀ.ಗೂ ಹೆಚ್ಚು ಸರಿಸುತ್ತದೆ. ಪ್ರೇಕ್ಷಕರು ಉಸಿರು ಬಿಗಿಹಿಡಿಯುತ್ತಾರೆ, ಬೌಲರು ತಲೆಯ ಮೇಲೆ ಕೈಹೊತ್ತುಕೊಳ್ಳುತ್ತಾನೆ. ದಾಂಡಿಗನಾದರೋ ಮುಂದಿನ ಚೆಂಡಿಗೆ ಸಿದ್ಧನಾಗುತ್ತಾನೆ.

ಆದುದರಿಂದ ಹದಗೆಟ್ಟ ಪಿಚ್ಚಿನಲ್ಲಿ ಜಾಣ ಸ್ಪಿನ್ನರು ಹೆಚ್ಚು ತಿರುಗಿಸಲು ಹೆಣಗುವುದಿಲ್ಲ. ತಿರುವನ್ನು ನೆಲದ ಪಾಲಿಗೆ ಬಿಟ್ಟು, ತಾನು ಚೆಂಡನ್ನು ತುಸು ಬಿರುಸಾಗಿ, ನೇರವಾಗಿ ಎಸೆಯುತ್ತಾನೆ. ಪಾಕಿಸ್ತಾನವು ಈ ಪಂದ್ಯಕ್ಕೆ ತನ್ನ ಹೆಸರಾಂತ ಲೆಗ್ ಸ್ಪಿನ್ನರ್ ಅಬ್ದುಲ್ ಕಾದಿರರನ್ನು ಹೊರಗಿರಿಸಿ, ಎಡಗೈಯ ಇಕ್ಬಾಲ್ ಕಾಸಿಂ ಹಾಗೂ ಆಫ್ ಸ್ಪಿನ್ನರ್ ತೌಸೀಫ್ ಅಹಮದ್ ಇವರನ್ನು ಆಡಿಸಿತು. ಇಬ್ಬರೂ ಬೆರಳಿನಿಂದ ತಿರುಗಿಸುವವರು. ಮಣಿಕಟ್ಟಿನಿಂದ ತಿರುಗಿಸುವ ಕಾದಿರರಷ್ಟು ತಿರುವು ಅವರದಲ್ಲ. ಮೊದಲ ಸರದಿಯಲ್ಲಿ ಐದೈದು, ಎರಡನೆಯದರಲ್ಲಿ ನಾಲ್ಕು ನಾಲ್ಕು, ಹೀಗೆ ಭಾರತದ 20 ವಿಕೆಟ್ಟುಗಳಲ್ಲಿ 18ನ್ನು ಅವರೇ ಹಂಚಿಕೊಂಡರು. ಉಳಿದೆರಡು ವಸೀಂ ಅಕ್ರಮರ ಪಾಲು. ಅಷ್ಟು ಚೆಂಡುಗಳು ಅಂಚಿಗೆ ತಾಗಿದುದಕ್ಕೆಲ್ಲ ನನ್ನ ಈ ಓಣಿಯ ಲೆಕ್ಕವೊಂದೇ ಕಾರಣವೆಂದು ಸಾಧಿಸಹೊರಟರೆ ಅದು ಭೌತವಿಜ್ಞಾನದ ಅಧ್ಯಾಪಕನ ಅಹಂಕಾರವಾದೀತು. ಬೌಲರಿನ ಧೈರ್ಯ, ದಾಂಡಿಗನ ಆಯಾಸ, ಸಾವಿರಾರು ಕಂಠಗಳ ಒತ್ತಾಯ ಇವುಗಳನ್ನು ತೂಗುವ ತಕ್ಕಡಿ ನಮ್ಮ ಪ್ರಯೋಗಶಾಲೆಯಲ್ಲಿಲ್ಲ. ಆದರೂ ಒಂದೇ ನೆಲದಲ್ಲಿ ಹೆಚ್ಚು ತಿರುಗಿಸಿದವನಿಗಿಂತ ಕಡಮೆ ತಿರುಗಿಸಿದವನು ಹೆಚ್ಚು ಅಪಾಯಕಾರಿಯಾಗಬಲ್ಲನೆಂಬುದನ್ನು ಗಣಿತ ಒಪ್ಪುತ್ತದೆ.

ಬಿರುಕುಗಳ ಮಾತು ಇದಕ್ಕಿಂತ ಘೋರ. ತಿರುವನ್ನಾದರೂ ಊಹಿಸಬಹುದು; ಪುಟಿತದ ಏರಿಳಿತವನ್ನು ಊಹಿಸುವುದು ಆಗದ ಮಾತು. ಚೆಂಡು ನೆಲವನ್ನು ಒತ್ತುವ ಜಾಗ ಎರಡು ಸೆಂಟಿಮೀಟರು ಅಗಲವೆಂದುಕೊಳ್ಳಿ. ಅಷ್ಟರಲ್ಲಿ ಮಣ್ಣಿನ ಹೆಂಚು ಒಂದು ಕಡೆ ಒಂದೇ ಒಂದು ಮಿಲಿಮೀಟರು ಎದ್ದಿದ್ದರೂ ಆ ನೆಲ ಸುಮಾರು 3 ಡಿಗ್ರಿ ಓರೆಯಾದಂತಾಯಿತು. ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಚೆಂಡು ಮುಂದಕ್ಕೆ ಸೆಕೆಂಡಿಗೆ 20 ಮೀಟರು ಧಾವಿಸುತ್ತಿದೆಯಷ್ಟೆ. ಆ ವೇಗದ ಒಂದು ಚೂರು ಈಗ ಓರೆಯನ್ನು ಎದುರಿನಿಂದ ಬಡಿಯುತ್ತದೆ ಅಥವಾ ಅದರಿಂದ ತಪ್ಪಿಸಿಕೊಳ್ಳುತ್ತದೆ. ಮೇಲಿನ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರೆ, ಸಮವಾದ ನೆಲದಿಂದ ಪುಟಿದ ಚೆಂಡು 2 ಮೀಟರು ಸಾಗುವಷ್ಟರಲ್ಲಿ ಸುಮಾರು 25 ಸೆಂ.ಮೀ. ಏರುತ್ತದೆ. ಓರೆ ಚೆಂಡಿಗೆ ಎದುರಾಗಿದ್ದರೆ ಅದು ಸುಮಾರು 40 ಸೆಂ.ಮೀ. ಏರುತ್ತದೆ, ಓರೆ ಹಿಂದಕ್ಕೆ ತಿರುಗಿದ್ದರೆ 10 ಸೆಂ.ಮೀ. ಮಾತ್ರ. ಒಂದು ಮಿಲಿಮೀಟರಿನಿಂದ ಮೂವತ್ತು ಸೆಂಟಿಮೀಟರಿನ ವ್ಯತ್ಯಾಸ!

ಇದನ್ನು ನೋಡಿ ಆಟ ಬದಲಿಸಲು ದಾಂಡಿಗನಿಗೆ ಕಾಲವೆಷ್ಟಿದೆ? ಎರಡು ಮೀಟರು ದಾಟಲು ಚೆಂಡಿಗೆ ಬೇಕಾದುದು ಸೆಕೆಂಡಿನ ಎಂಟನೆಯ ಒಂದು ಪಾಲು. ಕಣ್ಣು ಕಂಡುದನ್ನು ಮಿದುಳು ತಿಳಿದು ಕೈಗೆ ಆಜ್ಞೆ ಮಾಡುವುದಕ್ಕೆ ಸುಮಾರು ಐದನೆಯ ಒಂದು ಪಾಲು ಬೇಕು. ಎಂದರೆ ಚೆಂಡು ನೆಲ ಬಿಟ್ಟ ಮೇಲೆ ಅದನ್ನು ನೋಡಿ ಆಡುವುದು, ಈ ದೂರದಲ್ಲಿ, ಯಾವ ಮಹಾಪುರುಷನಿಂದಲೂ ಆಗದು. ಬಲ್ಲ ದಾಂಡಿಗರು ಸ್ಪಿನ್ನನ್ನು ಒಂದೋ ಪೂರ್ತಿ ಮುಂದೆ ಚಾಚಿ ಆಡುತ್ತಾರೆ, ಇಲ್ಲವೇ ಪೂರ್ತಿ ಹಿಂದೆ ಸರಿದು ಆಡುತ್ತಾರೆ. ಚೆಂಡು ಬಿದ್ದ ಜಾಗದಿಂದ ಅರ್ಧ ಮೀಟರಿನೊಳಗೆ ದಾಂಡು ಇಟ್ಟರೆ 5 ಡಿಗ್ರಿಯ ತಿರುವೂ ಚೆಂಡನ್ನು ನಾಲ್ಕೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಸಲಾರದು. ಅದು ದಾಂಡಿನ ಮುಖದಲ್ಲಿಯೇ ಉಳಿಯುತ್ತದೆ. ನಾಲ್ಕು ಮೀಟರು ಬಿಟ್ಟುಕೊಟ್ಟರೆ ಸೆಕೆಂಡಿನ ಕಾಲು ಭಾಗ ದೊರೆತು, ನೋಡಿ ಆಡುವ ಅವಕಾಶ ಉಂಟಾಗುತ್ತದೆ. ಈ ಎರಡರ ನಡುವಣ ಜಾಗವೇ ಮೃತ್ಯುವಿನ ಬಾಯಿ. ಒಳ್ಳೆಯ ಸ್ಪಿನ್ನರು ಚೆಂಡನ್ನು ಹಾಕುವುದು ದಾಂಡಿಗನ ಕಾಲು ಮುಂದಕ್ಕೂ ಹೋಗದ, ಹಿಂದಕ್ಕೂ ಬರದ ಆ ಜಾಗಕ್ಕೇ.

ಸುನಿಲ್ ಗಾವಸ್ಕರರ ಕಡೆಯ ಟೆಸ್ಟ್ ಸರದಿಯನ್ನು ಈ ದೃಷ್ಟಿಯಿಂದ ನೋಡಬೇಕು. ಅದೇ ತಿಂಗಳ ಮೊದಲಲ್ಲಿ ಅಹಮದಾಬಾದಿನಲ್ಲಿ ಅವರು ಟೆಸ್ಟ್ ಆಟದಲ್ಲಿ ಹತ್ತು ಸಾವಿರ ರನ್ನು ಮುಟ್ಟಿದ ಮೊದಲಿಗರಾಗಿದ್ದರು. ಬೆಂಗಳೂರಿನಲ್ಲಿ 221ರ ಗುರಿಯನ್ನು ಬೆನ್ನಟ್ಟಿದಾಗ 15 ರನ್ನಿನಲ್ಲಿ ಎರಡು ವಿಕೆಟ್ಟು ಬಿದ್ದುವು. ಮತ್ತೊಂದು ತುದಿಯಲ್ಲಿ ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಅವರಲ್ಲಿ ಯಾರೂ 30ನ್ನು ಮುಟ್ಟಲಿಲ್ಲ. ಗಾವಸ್ಕರರು ಮಾತ್ರ ಐದು ಗಂಟೆಗೂ ಮಿಕ್ಕಿ ನಿಂತರು. ಇಂಥ ನೆಲದಲ್ಲಿ ತಗ್ಗಾಗಿ, ತಡವಾಗಿ, ಹಿಡಿತವನ್ನು ಸಡಿಲಿಸಿ ಆಡುವುದೊಂದೇ ಉಪಾಯ. ಸಡಿಲವಾಗಿ ಹಿಡಿದ ದಾಂಡು ಚೆಂಡಿನೊಡನೆ ತಾನೂ ತುಸು ಹಿಂದೆ ಸರಿಯುವುದರಿಂದ ಚೆಂಡು ಮರಳಿ ಚಿಮ್ಮದೆ ಕಾಲಡಿಯಲ್ಲಿ ಸತ್ತುಬೀಳುತ್ತದೆ. ಹತ್ತಿರ ಬಾಗಿ ನಿಂತ ಫೀಲ್ಡರುಗಳ ಕೈಗೆ ತಲುಪುವುದಿಲ್ಲ. ಬಿಗಿಯಾಗಿ ಹಿಡಿದ ದಾಂಡು ಗೋಡೆಯಿದ್ದಂತೆ. ಹಿತ್ತಿಲಿನಲ್ಲಿ ಒಗೆದು ಹರವಿದ ಕಂಬಳಿಗೆ ಚೆಂಡನ್ನು ಎಸೆದು, ಅನಂತರ ಗೋಡೆಗೆ ಎಸೆದು ನೋಡಿದ ಹುಡುಗರಿಗೆ ಈ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ.

ಗಾವಸ್ಕರರು 96ರಲ್ಲಿದ್ದಾಗ ಇಕ್ಬಾಲ್ ಕಾಸಿಮರ ಚೆಂಡೊಂದು ನೆಲದಿಂದ ಥಟ್ಟನೆ ಎದ್ದು ತಿರುಗಿತು. ಸ್ಲಿಪ್ಪಿನಲ್ಲಿ ರಿಜ್ವಾನುಜ್ಜಮಾನ್ ಹಿಡಿದರು. ಭಾರತದ ಮೊತ್ತ ಆಗ 8 ವಿಕೆಟ್ಟಿಗೆ 180. ಬೇಕಾದುದು ಇನ್ನು 41. ಬೆಂಗಳೂರಿನವರೇ ಆದ ರೋಜರ್ ಬಿನ್ನಿ ಕಡೆಯ ಜೊತೆಗಾರನೊಡನೆ ಮೊತ್ತವನ್ನು 204ರವರೆಗೆ ಎಳೆದು ತಂದರು. ತೌಸೀಫರ ಚೆಂಡು ಅವರ ದಾಂಡಿಗೆ ತಾಗಿ ವಿಕೆಟ್ ಕೀಪರ್ ಸಲೀಂ ಯೂಸುಫರ ಕೈಸೇರಿತು. ಇದೇ ಯೂಸುಫರು ಪಾಕಿಸ್ತಾನದ ಎರಡನೆಯ ಸರದಿಯಲ್ಲಿ ಬಾಲದ ಆಟಗಾರರನ್ನು ಕಟ್ಟಿಕೊಂಡು ಔಟಾಗದೆ 41 ರನ್ನು ಕೂಡಿಸಿದ್ದರು. ಸೋಲಿನ ಅಂತರ 16 ಎಂಬುದನ್ನು ನೆನೆದರೆ ಆ ರನ್ನುಗಳ ಬೆಲೆ ತಿಳಿಯುತ್ತದೆ.

ಪ್ರಸಂಗವಶಾತ್ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಮದರಾಸಿನ ಗಾಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಆದುದರಿಂದ ಗಾಳಿಯಲ್ಲಿ ಚೆಂಡು ಓಲಾಡುವುದೂ ಅಷ್ಟರಮಟ್ಟಿಗೆ ಕಡಮೆ. ಎತ್ತರವು ಗಾಳಿಯಲ್ಲಿ ಕಸಿದುಕೊಂಡುದನ್ನು ಅಂದು ನೆಲವು ಬಡ್ಡಿ ಸಮೇತ ತೀರಿಸಿತೆನ್ನಬಹುದು.

ಒಣಗಿದ ನೆಲ ಮಾತ್ರವೇ ದಾಂಡಿಗನ ಶತ್ರುವಲ್ಲ. ಪಿಚ್ಚನ್ನು ಮಳೆಯಲ್ಲಿ ತೆರೆದಿಡುತ್ತಿದ್ದ ಕಾಲದಲ್ಲಿ ನೆನೆದ ನೆಲ ಬಿಸಿಲಿಗೆ ಒಣಗತೊಡಗಿದಾಗ ಇದಕ್ಕೂ ಮಿಗಿಲಾದ ಅನಾಹುತಗಳು ನಡೆದಿವೆ. 1950ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯ, ಇಂಗ್ಲೆಂಡುಗಳ ನಡುವೆ ನಡೆದ ಪಂದ್ಯದ ಒಂದೇ ದಿನದಲ್ಲಿ 130 ರನ್ನಿಗೆ 20 ವಿಕೆಟ್ಟುಗಳು ಬಿದ್ದುವು. ಇಂಗ್ಲೆಂಡು 7 ವಿಕೆಟ್ಟಿಗೆ 68 ಇದ್ದಾಗಲೇ ಆಟವನ್ನು ಮುಕ್ತಾಯಗೊಳಿಸಿತು. ಎದುರಾಳಿಗಳನ್ನು ಆ ಕೆಸರಿಗೆ ಬೇಗ ಇಳಿಸುವ ಆತುರ. ಆಸ್ಟ್ರೇಲಿಯ ಅದಕ್ಕಿಂತ ಮುಂದೆ ಹೋಗಿ 7ಕ್ಕೆ 32ರಲ್ಲಿ ನಿಲ್ಲಿಸಿತು! ಕೊನೆಗೆ ಇಂಗ್ಲೆಂಡು 122ಕ್ಕೆ ಔಟಾಗಿ 70 ರನ್ನುಗಳಿಂದ ಸೋತಿತು; ಲೆನ್ ಹಟನ್ನರು ಮಾತ್ರ 62 ಗಳಿಸಿ ಅಜೇಯರಾಗಿ ಉಳಿದರು. ಇಲ್ಲಿಯೂ ತತ್ತ್ವ ಹಿಂದಿನದೇ. ಮೇಲಿನ ಮಣ್ಣು ಮೆತ್ತಗಿರುವುದರಿಂದ ಚೆಂಡು ಬಿದ್ದಲ್ಲಿ ಸಣ್ಣ ಗುಳಿ ತೋಡುತ್ತದೆ. ಆ ಗುಳಿಯ ಮುಂದಿನ ಗೋಡೆಗೆ ತಾನೇ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಒಣ ಪಿಚ್ಚಿನಲ್ಲಿ ಬಿರುಕು ಒದಗಿಸಿದ ಓರೆಯನ್ನು ಇಲ್ಲಿ ಚೆಂಡು ತಾನೇ ನಿರ್ಮಿಸಿಕೊಳ್ಳುತ್ತದೆ. ಈಗ ಮಳೆ ಬಂದರೆ ಪಿಚ್ಚಿಗೆ ಹೊದಿಕೆ ಹಾಸುವುದರಿಂದ ಈ ವಿನೋದ ಟೆಸ್ಟ್ ಆಟದಿಂದ ಮರೆಯಾಗಿದೆ.

ಮೂವತ್ತು ವರ್ಷಗಳ ತರುವಾಯ, 2017ರ ಮಾರ್ಚಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣ ಹಳೆಯ ನಾಟಕವನ್ನು ಹೊಸ ಪಾತ್ರಧಾರಿಗಳೊಡನೆ ಆಡಿತು. ಆಸ್ಟ್ರೇಲಿಯದ ಆಫ್ ಸ್ಪಿನ್ನರ್ ನೇಥನ್ ಲಯನ್ ಮೊದಲ ದಿನವೇ 50 ರನ್ನಿಗೆ 8 ವಿಕೆಟ್ಟು ಪಡೆದು ಭಾರತವನ್ನು 189ಕ್ಕೆ ಇಳಿಸಿದರು. ಕನ್ನಡಿಗ ಕೆ. ಎಲ್. ರಾಹುಲರು ಆ ಪಂದ್ಯದಲ್ಲಿ 90 ಮತ್ತು 51 ರನ್ನು ಗಳಿಸಿದರು. ಕಡೆಯ ಸರದಿಯಲ್ಲಿ ಆಸ್ಟ್ರೇಲಿಯಕ್ಕೆ ಬೇಕಿದ್ದುದು 188. ಅದರ ನಾಯಕ ಸ್ಟೀವ್ ಸ್ಮಿತ್ 28ರಲ್ಲಿದ್ದಾಗ ವೇಗಿ ಉಮೇಶ್ ಯಾದವರ ಚೆಂಡೊಂದು ಏಳಲೇ ಇಲ್ಲ. ನೆಲವನ್ನು ಸವರಿಕೊಂಡು ಬಂದು ಪ್ಯಾಡಿಗೆ ಬಡಿಯಿತು. ಹಿಂದಕ್ಕೆ ತಿರುಗಿದ ಓರೆಯ ಮೇಲೆ ಬಿದ್ದ ಚೆಂಡು ಹೇಗಿರುತ್ತದೆಂಬುದಕ್ಕೆ ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ. ಆರ್. ಅಶ್ವಿನರು 41 ರನ್ನಿಗೆ 6 ವಿಕೆಟ್ಟು ಪಡೆದರು; ಆಸ್ಟ್ರೇಲಿಯ 112ಕ್ಕೆ ಮುಗಿಯಿತು; ಭಾರತಕ್ಕೆ 75 ರನ್ನುಗಳ ಗೆಲುವು.

ಹೀಗಿರುವಾಗ, ಆತಿಥೇಯರು ತಮಗೆ ಬೇಕಾದ ನೆಲವನ್ನು ತಾವೇ ಮಾಡಿಕೊಳ್ಳುವುದು ಸರಿಯೇ ಎಂಬ ಜಗಳ ಪ್ರತಿ ಸರಣಿಯಲ್ಲಿಯೂ ಏಳುತ್ತದೆ. ನ್ಯಾಯಾನ್ಯಾಯಗಳನ್ನು ಬಲ್ಲವರು ಹೇಳಲಿ. ವಿವೇಕದ ದೃಷ್ಟಿಯಿಂದ ನೋಡಿದರೆ ಅದು ಅಷ್ಟೇನೂ ಲಾಭದ ವ್ಯಾಪಾರವಲ್ಲವೆಂದು ನನಗೆ ತೋರುತ್ತದೆ. ಸಮನಾದ ಪಿಚ್ಚಿನಲ್ಲಿ ಉತ್ತಮ ದಾಂಡಿಗನಿಗೂ ಸಾಧಾರಣನಿಗೂ ಇರುವ ಅಂತರ ಸಾವಿರಾರು ಚೆಂಡುಗಳಲ್ಲಿ ನಿಧಾನವಾಗಿ ಪ್ರಕಟವಾಗುತ್ತದೆ. ಬಿರುಕುಬಿಟ್ಟ ನೆಲದಲ್ಲಿ ಒಂದು ಮಿಲಿಮೀಟರಿನ ಓರೆ ಇಬ್ಬರನ್ನೂ ಒಂದೇ ತೆರನಾಗಿ ಮನೆಗೆ ಕಳುಹಿಸುತ್ತದೆ. ಪ್ರಬಲವಾದ ತಂಡಕ್ಕೆ ಪ್ರಾಪ್ತವಾಗಬೇಕಾಗಿದ್ದ ಲಾಭ ಅಷ್ಟರಮಟ್ಟಿಗೆ ಕರಗಿಹೋಗುತ್ತದೆ. ತನ್ನ ಸ್ಪಿನ್ನರುಗಳಿಗಾಗಿ ನೆಲ ಕೆದಕಿಸಿದ ನಾಯಕನು ಎದುರಾಳಿಗಳ ಬಳಿ ಎಂಥ ಸ್ಪಿನ್ನರುಗಳಿದ್ದಾರೆಂಬುದನ್ನೂ ಎಣಿಸಬೇಕು; ಅವರು ಕಡಮೆ ತಿರುಗಿಸುವವರಾದರೆ ಇನ್ನಷ್ಟು ಎಚ್ಚರದಿಂದ ಎಣಿಸಬೇಕು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದರಲ್ಲಿ ಕೊಂಚ ಭಾಗವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಳೆಯ ಕ್ರಿಕೆಟ್ ಚೆಂಡನ್ನು ಎರಡು ಬೆರಳುಗಳ ನಡುವೆ ಚೆನ್ನಾಗಿ ತಿರುಗಿಸಿ, ಸೊಂಟದ ಎತ್ತರದಿಂದ ಮೊದಲು ನುಣುಪಾದ ಸಿಮೆಂಟಿನ ನೆಲದ ಮೇಲೂ, ಬಳಿಕ ಒರಟಾದ ಗೋಣಿತಟ್ಟಿನ ಮೇಲೂ, ಕಡೆಗೆ ಬಿಗಿಯಾಗಿ ಬಡಿದ ಮಣ್ಣಿನ ಮೇಲೂ ಬೀಳಿಸಿ ನೋಡಲಿ. ಗೋಣಿತಟ್ಟಿನ ನಾಲ್ಕು ಅಂಚುಗಳಿಗೆ ಕಲ್ಲು ಹೇರಿರಬೇಕು. ಇಲ್ಲವಾದರೆ ಚೆಂಡಿನ ಬದಲು ತಟ್ಟೇ ಸರಿಯುತ್ತದೆ. ಚೆಂಡು ಎರಡನೆಯ ಸಲ ನೆಲ ಮುಟ್ಟಿದ ಕಡೆ ಸುಣ್ಣದ ಗುರುತು ಹಾಕಿ, ಮೊದಲು ಬಿದ್ದ ಜಾಗದಿಂದ ಅಲ್ಲಿಗೆ ಎಷ್ಟು ಅಂತರವೆಂದು ಅಳೆಯಲಿ. ಮೇಲ್ಮೈಯೊಂದಕ್ಕೆ ಇಪ್ಪತ್ತು ಸಲವಾದರೂ ಬೀಳಿಸಿ ಸರಾಸರಿ ತೆಗೆಯುವುದು ಒಳ್ಳೆಯದು. ಮಣ್ಣಿನ ಮೇಲಿನ ಅಂತರಗಳು ಮಾತ್ರ ಒಂದರಂತೆ ಒಂದಿರುವುದಿಲ್ಲ.